ಚೆನ್ನಮ್ಮನವರು ಬರುವವರೆಗೆ

ನನ್ನ ಬಲ ಶ್ವಾಸಕೋಶದ ಕುಳಿ ಮುಚ್ಚಿದೆ, ಕಫದಲ್ಲಿ ಕ್ರಿಮಿಗಳಿಲ್ಲ, ಕೆಲಸಕ್ಕೆ ಹೋಗಬಹುದು ಎಂದು ಡಾಕ್ಟರು ಬರೆದುಕೊಟ್ಟು ಕೆಲವು ತಿಂಗಳಾದವು. ಈಗ ಮತ್ತೆ ಪತ್ರಿಕಾ ಕಚೇರಿಗೆ ಹೋಗುತ್ತಿದ್ದೇನೆ. ಇದನ್ನು ಮೊದಲೇ ಹೇಳಲು ಕಾರಣವಿದೆ. ಕ್ಷಯದ ಬಗ್ಗೆ ಯಾರಾದರೂ ಬರೆದದ್ದು ಕೈಗೆ ಸಿಕ್ಕರೆ ನಾನು ಕೊನೆಯ ಪುಟವನ್ನೇ ಮೊದಲು ತೆರೆಯುತ್ತಿದ್ದೆ. ಬರೆದವನು ಉಳಿದನೇ ಇಲ್ಲವೇ ಎಂದು ತಿಳಿಯುವವರೆಗೆ ಉಳಿದದ್ದನ್ನು ಓದಲಾಗುತ್ತಿರಲಿಲ್ಲ. ನನ್ನಂಥ ಓದುಗರಿಗೆ ಆ ತೊಂದರೆ ಬೇಡ. ಇಲ್ಲಿ ಬರುವ ಹೊನ್ನಪ್ಪನವರನ್ನು ಕೇಳಿಯೇ ಬರೆಯುತ್ತಿದ್ದೇನೆ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಕನ್ನಡ ರಾಜ್ಯ ಒಂದಾದ ವರ್ಷ ನಮ್ಮ ಕಚೇರಿಯಲ್ಲಿ ಯಾರಿಗೂ ಬಿಡುವಿರಲಿಲ್ಲ. ಸಂಜೆಯಾದರೆ ನನಗೆ ಮೈ ಬೆಚ್ಚಗಾಗುತ್ತಿತ್ತು. ಎಲ್ಲರಿಗೂ ಮೈ ಬೆಚ್ಚಗಿದ್ದ ಕಾಲವದು, ನಾನು ಗಮನಿಸಲಿಲ್ಲ. ಒಂದು ದಿನ ಯಾವುದೋ ಸಭೆಯ ವರದಿಯನ್ನು ತಿದ್ದುತ್ತಾ ಕೆಮ್ಮಿದೆ. ಹಾಳೆಯ ಮೇಲೆ ಬಿದ್ದದ್ದನ್ನು ಕೆಂಪು ಶಾಯಿ ಎಂದುಕೊಂಡು ಬ್ಲಾಟಿಂಗ್ ಪೇಪರ್ ಒತ್ತಿದೆ. ಆ ದಿನ ನನ್ನ ಮೇಜಿನ ಮೇಲೆ ಕೆಂಪು ಶಾಯಿ ಇರಲಿಲ್ಲ. ಪಕ್ಕದಲ್ಲಿ ಕುಳಿತಿದ್ದವರು ಅದನ್ನು ನೋಡಿದರು. ತಮ್ಮ ಕುರ್ಚಿಯನ್ನು ಸ್ವಲ್ಪ ಆಚೆ ಎಳೆದುಕೊಂಡರು. ನನ್ನ ಕಾಯಿಲೆಗೆ ಮೊದಲ ರೋಗನಿರ್ಣಯ ಆ ಕುರ್ಚಿಯ ಸದ್ದು. ಎಕ್ಸ್‌ರೇ ಆಮೇಲೆ ಅದನ್ನೇ ಹೇಳಿತು.

ಆಸ್ಪತ್ರೆಯ ಎದೆ ವಿಭಾಗದ ಮುಂದೆ ಉದ್ದನೆಯ ಮರದ ಬೆಂಚುಗಳಿದ್ದವು. ಅಲ್ಲಿ ಕುಳಿತವರು ಒಬ್ಬರ ಮುಖವನ್ನೊಬ್ಬರು ನೋಡುವುದಿಲ್ಲ, ಕರವಸ್ತ್ರವನ್ನು ನೋಡುತ್ತಾರೆ. ಸ್ಯಾನಟೋರಿಯಂನಲ್ಲಿ ಹಾಸಿಗೆ ಖಾಲಿ ಇಲ್ಲ, ಖಾಲಿಯಾದಾಗ ಕಾರ್ಡು ಬರೆಯುತ್ತೇವೆ, ಅಲ್ಲಿಯವರೆಗೆ ಮನೆಯಲ್ಲೇ ಪ್ರತ್ಯೇಕವಾಗಿರಿ ಎಂದರು. ಹಾಸಿಗೆ ಹೇಗೆ ಖಾಲಿಯಾಗುತ್ತದೆ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಮನೆಯಲ್ಲಿ ಇದ್ದವರು ನಾನು ಮತ್ತು ಅಮ್ಮ. ರಾಜಾಜಿನಗರದಲ್ಲಿ ಆಗ ಮನೆಗಳಿಗಿಂತ ಸೈಟಿನ ಕಲ್ಲುಗಳೇ ಹೆಚ್ಚು. ನಮ್ಮ ಬೀದಿಯಲ್ಲಿ ಬೆರಳೆಣಿಕೆಯ ಮನೆಗಳಿದ್ದವು, ಆಚೆಗೆ ರಾಗಿ ಹೊಲ. ಅಮ್ಮ ನನ್ನ ತಟ್ಟೆ ಲೋಟಗಳನ್ನು ಬೇರೆ ಮಾಡಿ, ಹಾಸಿಗೆಯನ್ನು ಮುಂದಿನ ವರಾಂಡಕ್ಕೆ ಸಾಗಿಸಿದರು. ಯಾರು ಕೇಳಿದರೂ "ಗಂಟಲಿಗೆ ಏನೋ ಆಗಿದೆ" ಎನ್ನುತ್ತಿದ್ದರು. ತುಮಕೂರಿನ ಕಡೆಯ ಒಂದು ಸಂಬಂಧ ಮಾತುಕತೆಯವರೆಗೆ ಬಂದಿತ್ತು. ಅವರು ಬರುವುದನ್ನು ನಿಲ್ಲಿಸಿದರು.

ಡಾಕ್ಟರು ಹಾಲು, ವಿಶ್ರಾಂತಿ, ದಿನವೂ ಮೊಟ್ಟೆ ಎಂದಿದ್ದರು. ನಮ್ಮದು ಲಿಂಗಪೂಜೆಯ ಮನೆ, ಮೊಟ್ಟೆ ಹೊಸಿಲು ದಾಟುವಂತಿಲ್ಲ. ಅಮ್ಮ ಡಾಕ್ಟರ ಚೀಟಿಯನ್ನು ದೇವರ ಮುಂದಿಟ್ಟು ಅತ್ತರು. ಗೋಡೆಯಾಚೆಯಿಂದ ಅದನ್ನು ಕೇಳಿಸಿಕೊಂಡವರು ಪಕ್ಕದ ಮನೆಯ ಚೆನ್ನಮ್ಮನವರು.

ಚೆನ್ನಮ್ಮನವರಿಗೆ ಅರವತ್ತು ದಾಟಿತ್ತು. ಅವರ ಯಜಮಾನರು ತಿಮ್ಮಯ್ಯನವರು ಬಟ್ಟೆ ಮಿಲ್ಲಿನಿಂದ ನಿವೃತ್ತರಾದವರು, ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮಕ್ಕಳಿರಲಿಲ್ಲ. ಮನೆ ಕಟ್ಟುವಾಗ ಮರಳಿನ ಗುಡ್ಡೆಯಲ್ಲಿ ಸಿಕ್ಕಿದ ಕಂದು ಬಣ್ಣದ ನಾಯಿಮರಿಯನ್ನು ಸಾಕಿ ಜಿಮ್ಮಿ ಎಂದು ಹೆಸರಿಟ್ಟಿದ್ದರು. ತಿಮ್ಮಯ್ಯನವರು ಹೊರಗೆ ಹೊರಟರೆ ಜಿಮ್ಮಿ ಅವರ ಕಾಲಿಗೆ ತಾಗಿಕೊಂಡೇ ನಡೆಯುತ್ತಿತ್ತು. ಹಳ್ಳ ಬಂದರೆ ನಿಲ್ಲುತ್ತಿತ್ತು.

ಮರುದಿನ ಬೆಳಗ್ಗೆ ಚೆನ್ನಮ್ಮನವರು ತಮ್ಮ ಒಲೆಯಲ್ಲಿ ಬೇಯಿಸಿದ ಎರಡು ಮೊಟ್ಟೆಗಳನ್ನು ತಟ್ಟೆಯಲ್ಲಿಟ್ಟುಕೊಂಡು ನಮ್ಮ ವರಾಂಡಕ್ಕೆ ಬಂದರು. ಹಿಂದೆ ಜಿಮ್ಮಿ.

"ಅಮ್ಮಯ್ಯಾ, ನೀವು ಒಳಗೋಗಿ ಬಾಗ್ಲು ಹಾಕ್ಕಳಿ. ಇದು ನಿಮ್ಮನೇ ಅಲ್ಲ, ವರಾಂಡ" ಎಂದರು ಅಮ್ಮನಿಗೆ.

ಅಮ್ಮ ನಿಜವಾಗಿಯೂ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅಂದಿನಿಂದ ಅದೇ ನಿಯಮವಾಯಿತು. ನಾನು ತಿಂದು ಮುಗಿಸುವವರೆಗೆ ಚೆನ್ನಮ್ಮನವರು ಮೆಟ್ಟಿಲ ಮೇಲೆ ಕುಳಿತು ಕಾಯುವರು. ಆಮೇಲೆ ಬಾಗಿಲ ಕಡೆ ತಿರುಗಿ ಕೂಗುವರು: "ಆಯ್ತು, ಮೊಟ್ಟೆ ಊರು ಬಿಟ್ಟೋಯ್ತು. ಈಚೆ ಬನ್ನಿ!"

ಒಳಗಿನಿಂದ ಅಮ್ಮ, "ವಾಸನೆ ಹೋಗಲಿ ತಡೀರಿ ಚೆನ್ನಮ್ನೋರೆ."

"ವಾಸ್ನೆ ಕಾಯ್ಕಂಡ್ ಕೂತ್ರೆ ಸಂಜೆ ಆಯ್ತದೆ. ಬನ್ನಿ ಅಂದ್ರೆ!"

ಎಲ್ಲರೂ ದೂರ ನಿಂತು ಮಾತಾಡುತ್ತಿದ್ದ ಆ ದಿನಗಳಲ್ಲಿ ಚೆನ್ನಮ್ಮನವರು ದೂರ ನಿಲ್ಲಲಿಲ್ಲ. ನಾನು ತಿಂದ ತಟ್ಟೆಯನ್ನು ತಾವೇ ಒಯ್ದು ತೊಳೆಯುತ್ತಿದ್ದರು. ಬೇಡ ಎಂದರೆ, "ಸುಮ್ಕೆ ತಿನ್ನಪ್ಪ, ನನಗೇನ್ ಆಯ್ತದೆ ಈ ವಯಸ್ನಾಗೆ" ಎನ್ನುತ್ತಿದ್ದರು. ನುಂಗಲಾಗದ ದಿನ ನಾನು ಉಳಿಸಿದ್ದನ್ನು ಜಿಮ್ಮಿ ತಿನ್ನುತ್ತಿತ್ತು. ಬೀದಿಯವರು ಇದನ್ನೆಲ್ಲ ನೋಡುತ್ತಿದ್ದರು.

ಬೇಸಿಗೆಗೆ ಮುಂಚೆ ಕಾರ್ಡು ಬಂತು. ಊರಾಚೆಯ ಸ್ಯಾನಟೋರಿಯಂನಲ್ಲಿ ಒಂದು ವರ್ಷದ ಹತ್ತಿರ ಇದ್ದೆ. ಚಿಕಿತ್ಸೆಯ ವಿವರ ಪುಸ್ತಕಗಳಲ್ಲಿದೆ. ನಾನು ಹೇಳಬಹುದಾದದ್ದು ಇಷ್ಟು: ಪಕ್ಕೆಲುಬುಗಳ ನಡುವೆ ಸೂಜಿ ಚುಚ್ಚಿ ಗಾಳಿ ತುಂಬಿ ಕೆಟ್ಟ ಶ್ವಾಸಕೋಶವನ್ನು ಮಲಗಿಸುತ್ತಾರೆ. ಅದು ಗುಣವಾಗಬೇಕಾದರೆ ಕೆಲಸ ಮಾಡಬಾರದು. ನಾವು ಅದನ್ನು ಗಾಳಿ ಹಾಕಿಸಿಕೊಳ್ಳುವುದು ಎನ್ನುತ್ತಿದ್ದೆವು, ಸೈಕಲ್ಲಿನ ಟ್ಯೂಬಿನ ಹಾಗೆ. ಸ್ಟ್ರೆಪ್ಟೋಮೈಸಿನ್ ಸೂಜಿಯಿಂದ ಎಡಗಿವಿಯಲ್ಲಿ ಸಣ್ಣದೊಂದು ಸದ್ದು ಶುರುವಾಯಿತು. ಇದನ್ನು ಬರೆಯುವಾಗಲೂ ಇದೆ.

ವಾರ್ಡಿನ ಹಿಂದೆ ಒಂದು ಮೋಟುಗೋಡೆಯಿತ್ತು. ಯಾರಾದರೂ ತೀರಿಹೋದರೆ ಅವರ ಹಾಸಿಗೆಯನ್ನು ಅದರ ಮೇಲೆ ಬಿಸಿಲಿಗೆ ಹಾಕುತ್ತಿದ್ದರು. ಬೆಳಗ್ಗೆ ಎದ್ದವರೆಲ್ಲ ಮೊದಲು ನೋಡುತ್ತಿದ್ದದ್ದು ಆ ಗೋಡೆಯನ್ನು. ನನ್ನ ಪಕ್ಕದ ಮಂಚದವರು ಮಾತ್ರ ಅದಕ್ಕೆ ಬೆನ್ನು ಮಾಡಿ ಕೂರುತ್ತಿದ್ದರು. ಅವರೇ ಕೆಂಗೇರಿ ಕಡೆಯ ರೈತ ಹೊನ್ನಪ್ಪನವರು. ನನ್ನನ್ನು "ಪೇಪರ್ ಸಾರ್" ಎಂದು ಕರೆಯುತ್ತಿದ್ದರು. "ಪೇಪರ್ ಸಾರ್, ಇವತ್ತು ಗ್ವಾಡೆ ಮ್ಯಾಲೆ ಏನ್ ಸುದ್ದಿ?" ಎಂದು ಕೇಳುವರು. ಏನಿಲ್ಲ ಎಂದರೆ ಕಾಫಿ ಕುಡಿಯುವರು.

ಅಲ್ಲಿ ನಾನು ಕೆಮ್ಮುಗಳನ್ನು ಗುರುತಿಸಲು ಕಲಿತೆ. ಕತ್ತಲಲ್ಲಿ ಯಾರು, ಎಷ್ಟು ಹದಗೆಟ್ಟಿದ್ದಾರೆ ಎಂದು ಸದ್ದಿನಿಂದಲೇ ತಿಳಿಯುತ್ತಿತ್ತು. ಬೇಡದ ವಿದ್ಯೆ. ಒಮ್ಮೆ ಬಂದರೆ ಹೋಗುವುದಿಲ್ಲ.

ಹೊನ್ನಪ್ಪನವರು ನನಗಿಂತ ಮೊದಲು ಮನೆಗೆ ಹೋದರು. ನಾನು ಬಂದಾಗ ನಮ್ಮ ಬೀದಿಯಲ್ಲಿ ಇನ್ನಷ್ಟು ಮನೆಗಳು ಎದ್ದಿದ್ದವು. ಜಿಮ್ಮಿ ನನ್ನನ್ನು ಮೂಸಿ ನೋಡಿ ಬಾಲ ಆಡಿಸಿತು. ಚೆನ್ನಮ್ಮನವರು, "ನೋಡು, ಮೊಟ್ಟೆ ಕೊಡೋನ್ ಬಂದ ಅಂತದೆ" ಎಂದು ನಕ್ಕರು. ನಗು ಮುಗಿಯುವ ಮುಂಚೆ ಕೆಮ್ಮು ಬಂತು. ಒಣ ಕೆಮ್ಮು, ಎರಡೆರಡೇ, ನಡುವೆ ಸಣ್ಣ ನಿಲುಗಡೆ. ನನಗೆ ಗೊತ್ತಿದ್ದ ಕೆಮ್ಮು.

"ಎಷ್ಟು ದಿನದಿಂದ ಇದು?" ಎಂದೆ.

"ಒಲೆ ಹೊಗೆ ಕಣಪ್ಪ."

ಆ ವಾರವೇ ಅವರನ್ನು ಎಕ್ಸ್‌ರೇಗೆ ಕರೆದೊಯ್ದೆ. ಅದೇ ಬೆಂಚು. ಚಿತ್ರ ಬಂದ ಮೇಲೆ ಡಾಕ್ಟರನ್ನು ಒಂದೇ ಪ್ರಶ್ನೆ ಕೇಳಿದೆ: ಇದು ನನ್ನಿಂದ ಬಂದದ್ದೇ? ಅವರು, ಯಜಮಾನರು ಮಿಲ್ಲಿನಲ್ಲಿದ್ದವರು, ಅಲ್ಲಿಂದ ಬಂದಿರಬಹುದು, ಹಳೆಯದಿದ್ದು ಈಗ ಎದ್ದಿರಬಹುದು, ನಿಮ್ಮಿಂದಲೂ ಇರಬಹುದು, ಯಾರೂ ಹೇಳಲಾರರು ಎಂದರು. ಈ ಉತ್ತರವನ್ನು ಇದ್ದ ಹಾಗೇ ಬರೆದಿದ್ದೇನೆ. ಇದಕ್ಕಿಂತ ಹೆಚ್ಚಿನದು ನನಗೆ ಇಂದಿಗೂ ಗೊತ್ತಿಲ್ಲ. ಬೆಳಗ್ಗೆ ಎಚ್ಚರವಾದಾಗ ಕೆಲವೊಮ್ಮೆ ತಟ್ಟೆ ತೊಳೆಯುವ ನೀರಿನ ಸದ್ದು ಕೇಳಿಸುತ್ತದೆ. ಕಿವಿಯದೇ ದೋಷವೆಂದುಕೊಳ್ಳುತ್ತೇನೆ.

ಸ್ಯಾನಟೋರಿಯಂನ ಹೆಂಗಸರ ವಾರ್ಡಿನಲ್ಲಿ ಅದೃಷ್ಟಕ್ಕೆ ಬೇಗನೆ ಹಾಸಿಗೆ ಸಿಕ್ಕಿತು. ಸೋಮವಾರದೊಳಗೆ ಬಂದು ಸೇರದಿದ್ದರೆ ಮುಂದಿನವರಿಗೆ ಕೊಡುತ್ತೇವೆ ಎಂದರು. ತಿಮ್ಮಯ್ಯನವರನ್ನು ಚಾಮರಾಜಪೇಟೆಯ ಅವರ ತಮ್ಮನ ಮಗಳು ಕರೆದುಕೊಂಡು ಹೋಗಲು ಒಪ್ಪಿದಳು. ಅವಳಿದ್ದದ್ದು ವಠಾರದಲ್ಲಿ, ಹಲವು ಸಂಸಾರಗಳಿಗೆ ಒಂದೇ ನಲ್ಲಿ. "ದೊಡ್ಡಪ್ಪ ಬರ್ಲಿ, ನಾಯಿ ಮಾತ್ರ ಬೇಡ. ಓನರ್ರು ನಮ್ಮನ್ನೂ ಈಚೆಗೆ ಹಾಕ್ತಾರೆ" ಎಂದಳು.

ಚೆನ್ನಮ್ಮನವರು ಹಾಸಿಗೆಯ ಮೇಲೆ ಎದ್ದು ಕುಳಿತರು. "ಜಿಮ್ಮಿಗೊಂದ್ ನೆಲೆ ಆಗೋಗಂಟ ನಾನ್ ಎಲ್ಲಿಗೂ ಬರಕಿಲ್ಲ. ಬೀದಿಗ್ ಬಿಟ್ರೆ ಕಾರ್ಪೊರೇಷನ್ ಗಾಡಿಯೋರು ಇಕ್ಕಳ ಹಾಕಿ ಎತ್ಕಂಡ್ ಹೋಯ್ತಾರೆ."

"ನಮ್ಮನೇಲಿ ಇರಲಿ" ಎಂದೆ. ಅಮ್ಮ ಹಿತ್ತಿಲಲ್ಲಿ ಕಟ್ಟಿಹಾಕಲು ಒಪ್ಪಿದ್ದರು.

"ಬ್ಯಾಡ. ನಮ್ ಮನೆ ಬೀಗ ಅದರ ಕಣ್ಣಿಗೆ ಬೀಳ್ತಿರ್ತದೆ. ಉಣ್ದೆ ಸತ್ತೋಯ್ತದೆ. ಈ ಬೀದಿ ಕಾಣದ ಕಡೆ ನೋಡಪ್ಪ."

ಹಾಗೆ ನಾನು ಜಿಮ್ಮಿಯನ್ನು ಕರೆದುಕೊಂಡು ಅದಕ್ಕೊಂದು ಮನೆ ಹುಡುಕಲು ಹೊರಟೆ. ಎಲ್ಲಿ ಹೋದರೂ ವಿಷಯವನ್ನು ಪೂರ್ತಿ ಹೇಳುವುದು ನನ್ನ ಅಭ್ಯಾಸ. ಅರ್ಧ ಹೇಳಿದ ಸುದ್ದಿಯನ್ನು ಪತ್ರಿಕೆಯ ನಮ್ಮ ಮೇಜಿನಲ್ಲಿ ಸುಳ್ಳು ಎಂದೇ ಎಣಿಸುತ್ತೇವೆ. ಮಾರೇನಹಳ್ಳಿಯಲ್ಲಿ ನಮಗೆ ಹಾಲು ಹಾಕುತ್ತಿದ್ದ ಮುನಿಯಣ್ಣ ಸಂತೋಷದಿಂದಲೇ ಒಪ್ಪಿದ. "ಕೊಟ್ಟಿಗೆ ಕಾಯಕ್ಕೆ ಬೇಕೇ ಬೇಕು ಸಾಮಿ. ಯಾಕ್ ಕೊಡ್ತಾವ್ರೆ?" ನಾನು ಹೇಳಿದೆ. ಅವನು ಜಿಮ್ಮಿಯ ತಲೆಯ ಮೇಲಿದ್ದ ಕೈಯನ್ನು ಮೆಲ್ಲನೆ ತೆಗೆದು ಪಂಚೆಗೆ ಒರೆಸಿಕೊಂಡ. "ಹಾಲು ಕರೆಯೋ ಮನೆ ಸಾಮಿ. ಜನಕ್ಕೆ ಗೊತ್ತಾದ್ರೆ ಒಬ್ರೂ ತಗಳಲ್ಲ" ಎಂದ. ಅವನ ಮಾತನ್ನು ತಪ್ಪೆನ್ನಲಾರೆ.

ಇನ್ನೂ ರಜೆಯಲ್ಲಿದ್ದರೂ ಕಚೇರಿಗೆ ಹೋಗಿ ಕೇಳಿದೆ. ಅಲ್ಲಿ ಅಚ್ಚಿನ ಮೊಳೆ ಜೋಡಿಸುವ ಒಬ್ಬರು ಒಂದು ಕಾರ್ಖಾನೆಯ ಹಿಂದೆ ಒಂಟಿ ಮನೆಯಲ್ಲಿದ್ದರು. "ನಾಯಿಗೂ ಒಂದು ಎಕ್ಸ್‌ರೇ ತೆಗೆಸಿಬಿಡಿ ಸಾರ್, ಉಸಿರು ಹಿಡ್ಕೋ ಅಂದ್ರೆ ಹಿಡ್ಕೊಳುತ್ತಾ ಕೇಳಿ" ಎಂದರು. ಸುತ್ತಲಿದ್ದವರು ನಕ್ಕರು. ನಾನೂ ನಕ್ಕೆ. ಆಮೇಲೆ ಅವರು ಬೇಡವೆಂದರು.

ಅಮ್ಮನಿಗೆ ಸಿಟ್ಟು ಬಂತು. "ಅದೆಲ್ಲ ಯಾಕೋ ಹೇಳ್ತೀಯ? ಒಳ್ಳೇ ನಾಯಿ, ಸಾಕ್ಕೊಳಿ ಅಂದ್ರೆ ಸಾಲ್ದಾ?"

"ಆಮೇಲೆ ಗೊತ್ತಾದರೆ ಬೀದಿಗೆ ಬಿಡ್ತಾರೆ ಅಮ್ಮ."

"ಈಗ ಏನ್ ಅರಮನೆಗೆ ಕರೀತಾ ಇದಾರಾ?"

ಶುಕ್ರವಾರವಾಗಿತ್ತು. ಸ್ಯಾನಟೋರಿಯಂ ಬಿಟ್ಟ ಮೇಲೂ ಆಸ್ಪತ್ರೆಗೆ ಬಂದು ಗಾಳಿ ಹಾಕಿಸಿಕೊಳ್ಳಬೇಕಿತ್ತು, ಅಂದು ನನ್ನ ಸರದಿ. ಬೆಂಚಿನ ಮೇಲೆ ಹೊನ್ನಪ್ಪನವರು ಕುಳಿತಿದ್ದರು, ಹಸುರು ಟವಲ್ಲು ಹೊದ್ದು, ಮೊದಲಿಗಿಂತ ತೆಳ್ಳಗೆ. ಹೇಗಿದ್ದೀರಿ ಎಂದೆ. ಊರವರು ಸೇರಿ ಹೊಲದಲ್ಲಿ ಗುಡಿಸಲು ಹಾಕಿಕೊಟ್ಟಿದ್ದಾರೆ ಎಂದರು. ಇನ್ನು ಅಂಟುವುದಿಲ್ಲ ಎಂಬ ಡಾಕ್ಟರ ಚೀಟಿ ತೋರಿಸಿದರೂ ಮನೆಯೊಳಗೆ ಸೇರಿಸಿಲ್ಲ. ಅತ್ತಿಗೆ ಬದುವಿನ ತನಕ ಬಂದು ಊಟವಿಟ್ಟು ಕೂಗುತ್ತಾಳೆ, ಅವಳು ಹಿಂತಿರುಗುವವರೆಗೆ ಇವರು ಎದ್ದು ಹೋಗುವಂತಿಲ್ಲ. "ಮಾತಾಡ್ದೆ ನಾಲಿಗೆ ತುಕ್ಕು ಹಿಡದೈತೆ ಸಾರ್. ಅದಕ್ಕೇ ಗಾಳಿ ಹಾಕ್ಸಕ್ಕೆ ಅಂದ್ರೆ ಹಬ್ಬಕ್ಕೆ ಬಂದಂಗ್ ಬತ್ತೀನಿ."

ನಾಯಿಯ ಕಥೆಯನ್ನು ಕೇವಲ ಮಾತಿಗೆಂದು ಹೇಳಿದೆ. ಆರೋಗ್ಯವಂತರ ಮನೆಗಳನ್ನು ಮಾತ್ರ ಹುಡುಕುತ್ತಿದ್ದ ನನಗೆ ಅವರ ಗುಡಿಸಲು ಒಂದು ಮನೆಯಾಗಿ ಕಾಣಿಸಿರಲಿಲ್ಲ.

"ನಾಯಿ ಎಂಜಲು ತಿಂದೈತೆ ಅಂತ ಬ್ಯಾಡ ಅಂದ್ರಾ?" ಎಂದರು.

"ಹೌದು."

"ನಂಗ್ ಕೊಡಿ. ನನ್ ಎಂಜಲೂ ತಿನ್ಲಿ." ಆಮೇಲೆ ಕೇಳಿದರು, "ಎಷ್ಟ್ ದಿನಕ್ಕೆ?"

"ಚೆನ್ನಮ್ಮನವರು ಬರುವವರೆಗೆ."

"ಬತ್ತಾರಾ?"

"ಬರ್ತಾರೆ" ಎಂದೆ. ಖಚಿತವಿಲ್ಲದ ಸಂಗತಿಯನ್ನು ಖಚಿತವೆಂಬಂತೆ ಹೇಳಿದ್ದೆ.

ಭಾನುವಾರ ಮಾರ್ಕೆಟ್ಟಿಗೆ ತರಕಾರಿ ಇಳಿಸಿ ಕೆಂಗೇರಿಗೆ ಹಿಂತಿರುಗುತ್ತಿದ್ದ ಎತ್ತಿನ ಗಾಡಿಯಲ್ಲಿ ನಾನು, ಜಿಮ್ಮಿ ಹೊರಟೆವು. ಚೆನ್ನಮ್ಮನವರು ಹೊರಗೆ ಬರಲಿಲ್ಲ. ಮುಚ್ಚಿದ ಬಾಗಿಲ ಹಿಂದಿನಿಂದ, "ಅದಕ್ಕೆ ಸಾರು ಬಿಸಿ ಇರಬಾರದು ಅಂತ ಹೇಳು" ಎಂದರು. ತಿಮ್ಮಯ್ಯನವರು ಗಾಡಿಯ ಪಟ್ಟಿ ಹಿಡಿದು ತಡವಿ ತಡವಿ ಜಿಮ್ಮಿಯ ಕಿವಿ ಹುಡುಕಿದರು. ನಾಯಿ ತಾನೇ ತಲೆ ಬಗ್ಗಿಸಿ ಕೊಟ್ಟಿತು. ಮರುದಿನ ಚೆನ್ನಮ್ಮನವರು ಸ್ಯಾನಟೋರಿಯಂ ಸೇರಿದರು.

ಅಲ್ಲಿಂದ ಮುಂದಿನ ತಿಂಗಳುಗಳಲ್ಲಿ ನನಗೊಂದು ಹೊಸ ಕೆಲಸವಾಯಿತು. ಬೆಂಚಿನ ಮೇಲೆ ಹೊನ್ನಪ್ಪನವರು ಜಿಮ್ಮಿಯ ಸುದ್ದಿ ಹೇಳುವರು, ಭೇಟಿಯ ದಿನ ನಾನದನ್ನು ವಾರ್ಡಿಗೆ ಒಯ್ಯುವೆ. ಮೊದಲೆರಡು ದಿನ ಉಣ್ಣಲಿಲ್ಲ, ಮೂರನೆಯ ದಿನ ಉಂಡಿತು. ಹಂದಿ ಓಡಿಸಿತು. ಅತ್ತಿಗೆ ಊಟ ತಂದಾಗ ಬದುವಿನ ತನಕ ಓಡಿ ಅವಳ ಸೀರೆಯ ಸೆರಗು ಹಿಡಿಯಿತು. ಅವಳು ಚೀರಿ, ಆಮೇಲೆ ನಕ್ಕು, ಅಲ್ಲೇ ನಿಂತು ಮೈದುನನ ಜೊತೆ ಎರಡು ಮಾತಾಡಿದಳು. ಈಗ ದಿನವೂ ನಿಲ್ಲುತ್ತಾಳೆ. ಚೆನ್ನಮ್ಮನವರು ಮಲಗಿದಲ್ಲಿಂದಲೇ ಎಲ್ಲವನ್ನೂ ಎರಡೆರಡು ಸಲ ಹೇಳಿಸಿಕೊಳ್ಳುತ್ತಿದ್ದರು. ನಾನು ಬರೆದ ಯಾವ ಸುದ್ದಿಯನ್ನೂ ಯಾರೂ ಹಾಗೆ ಕೇಳಿರಲಿಕ್ಕಿಲ್ಲ.

"ಬಡಕಲಾಗಿಲ್ವಾ?"

"ದಪ್ಪ ಆಗಿದೆಯಂತೆ."

"ಆ ಪುಣ್ಯಾತ್ಮಂಗೆ ಹೇಳು, ನಾನ್ ಬಂದು ತಗಂಡ್ ಹೋಗೋವಾಗ ತೂಕ ಹಾಕಿ ನೋಡ್ತೀನಿ ಅಂತ."

ಚಳಿಗಾಲದ ಕೊನೆಗೆ ಚೆನ್ನಮ್ಮನವರ ಜ್ವರ ಬಿಟ್ಟಿತು, ತೂಕ ಏರಿತು. ಯುಗಾದಿಯ ಹೊತ್ತಿಗೆ ಮನೆಗೆ ಕಳಿಸಬಹುದು ಎಂದು ಡಾಕ್ಟರು ಹೇಳಿದರು. ಬೆಂಚಿನ ಮೇಲೆ ಹೊನ್ನಪ್ಪನವರಿಗೆ ಆ ಸುದ್ದಿಯನ್ನು ಸಂತೋಷದಿಂದಲೇ ತಿಳಿಸಿದೆ.

"ಒಳ್ಳೇದಾಯ್ತು" ಎಂದರು. ತಮ್ಮ ಹೆಸರು ಕೂಗಿದ್ದು ಅವರಿಗೆ ಕೇಳಿಸಲಿಲ್ಲ. ನಾನು ಮುಟ್ಟಿ ಎಬ್ಬಿಸಬೇಕಾಯಿತು.

ಮುಂದಿನ ಸರದಿಗೆ ಅವರು ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಗಾಳಿ ಹಾಕಿಸುವುದನ್ನು ತಪ್ಪಿಸಿದರೆ ಏನಾಗುತ್ತದೆ ಎಂದು ಅವರಿಗೂ ಗೊತ್ತು, ನನಗೂ ಗೊತ್ತು. ಮಲಗಿದ್ದ ಶ್ವಾಸಕೋಶ ಏಳುತ್ತದೆ, ಮಾಯುತ್ತಿದ್ದ ಕುಳಿ ತೆರೆಯುತ್ತದೆ. ಹೋಗಿ ನೋಡಬೇಕೆಂದುಕೊಂಡೆ. ಅಷ್ಟರಲ್ಲಿ ಸ್ಯಾನಟೋರಿಯಂನಿಂದ ಹೇಳಿಕಳಿಸಿದರು. ಬೆಳಗ್ಗೆ ಹಲ್ಲುಜ್ಜುವಾಗ ಚೆನ್ನಮ್ಮನವರಿಗೆ ರಕ್ತ ಬಂದಿತ್ತು. ನಿಲ್ಲಲಿಲ್ಲ. ನಾನು ತಲುಪಿದಾಗ ಅವರ ಹಾಸಿಗೆ ಗೋಡೆಯ ಮೇಲಿತ್ತು.

ತಿಮ್ಮಯ್ಯನವರ ಕೈ ಹಿಡಿದು ನಡೆಸಿಕೊಂಡು ಹೋಗಿ ಅಂತ್ಯಕ್ರಿಯೆ ಮುಗಿಸಿದೆವು. ಮೂರನೆಯ ದಿನ ಕೆಂಗೇರಿಗೆ ಹೋದೆ.

ರೈಲು ನಿಲ್ದಾಣದಿಂದ ಹೊಲದ ದಾರಿ ಹಿಡಿದರೆ ದೂರದಿಂದಲೇ ಆ ಗುಡಿಸಲು ಕಾಣುತ್ತದೆ. ಹೊನ್ನಪ್ಪನವರು ನನ್ನನ್ನು ನೋಡಿ ಒಳಗೆ ಹೋದರು. ನನಗೆ ಓಡಲಾಗುವುದಿಲ್ಲ, ನಿಧಾನಕ್ಕೆ ನಡೆದೆ. ಹತ್ತಿರ ಹೋಗುವಷ್ಟರಲ್ಲಿ ಅವರು ಜಿಮ್ಮಿಯನ್ನು ಹೊರಗೆ ತಂದು ನಿಲ್ಲಿಸಿದ್ದರು. ಅದರ ಮೈ ಒದ್ದೆಯಾಗಿತ್ತು, ಆಗಷ್ಟೇ ನೀರು ಹುಯ್ದಿದ್ದರು. ಕೊರಳಿಗೆ ಹೊಸ ಹಗ್ಗ ಕಟ್ಟಿ ತುದಿಯನ್ನು ನನ್ನ ಕಡೆ ಚಾಚಿದರು. ಅವರ ಉಸಿರಾಟ ಚೆನ್ನಾಗಿರಲಿಲ್ಲ.

"ದಿನಾ ಮೈ ತೊಳ್ದು ಇಟ್ಟಿದ್ದೆ ಸಾರ್. ಇವತ್ ಬತ್ತೀರಿ, ನಾಳೆ ಬತ್ತೀರಿ ಅಂತ. ಕರ್ಕಂಡ್ ಹೋಗಿ. ಮಾತು ಅಂದ್ರೆ ಮಾತು."

ನಾನು ಹಗ್ಗ ಹಿಡಿಯಲಿಲ್ಲ. "ಚೆನ್ನಮ್ಮನವರು ಹೋಗಿಬಿಟ್ಟರು" ಎಂದೆ.

ಆಗ ಅವರ ಮುಖದಲ್ಲಿ ಕಂಡದ್ದನ್ನು ಬರೆಯಬೇಕು. ಮೊದಲು ಬಂದದ್ದು ಸಂತೋಷ. ಸಂದೇಹಕ್ಕೆ ಎಡೆಯಿಲ್ಲ, ಎದುರಿಗೇ ನಿಂತಿದ್ದೆ. ಕಣ್ಣು ಅರಳಿದವು, ಬಾಯಿ ತೆರೆಯಿತು, ಎದೆ ತುಂಬ ಗಾಳಿ ಎಳೆದುಕೊಂಡರು. ಆ ಸಂತೋಷ ಯಾವುದಕ್ಕೆಂದು ಅಷ್ಟೇ ಬೇಗನೆ ಅವರಿಗೆ ತಿಳಿಯಿತು. ಟವಲ್ಲಿನಿಂದ ಮುಖ ಮುಚ್ಚಿಕೊಂಡು ಕುಳಿತುಬಿಟ್ಟರು. ಕೆಮ್ಮು ಬಂತು. ಜಿಮ್ಮಿ ಹೋಗಿ ಅವರ ಮೊಣಕಾಲಿಗೆ ಒರಗಿತು.

ಟವಲ್ಲು ಸರಿಸಿ, "ಪಾಪ, ನಾಯಿ ಬಗ್ಗೆ ಕೊನೇಲಿ ಏನಾದ್ರೂ ಅಂದ್ರಾ ಆಯಮ್ಮ?" ಎಂದು ಕೇಳಿದರು.

"ನಾನಿರಲಿಲ್ಲ. ಗೊತ್ತಿಲ್ಲ."

ಸಮಾಧಾನಕ್ಕೆ ಏನಾದರೂ ಹೇಳಬಹುದಿತ್ತು. ಹೇಳಲಿಲ್ಲ. ಶುಕ್ರವಾರ ತಪ್ಪದೆ ಬೆಂಚಿಗೆ ಬರಬೇಕು ಎಂದಷ್ಟೇ ಹೇಳಿದೆ. ಅವರು ತಲೆಯಾಡಿಸಿದರು. ಬದುವಿನವರೆಗೆ ನನ್ನ ಜೊತೆ ಬಂದರು. ಜಿಮ್ಮಿ ಹಗ್ಗವನ್ನು ನೆಲದ ಮೇಲೆ ಎಳೆಯುತ್ತಾ ನಮ್ಮ ಹಿಂದೆ ಬಂತು.

"ಪೇಪರ್ ಸಾರ್," ಎಂದರು, ನನ್ನ ಕಡೆ ನೋಡದೆ. "ಆವಾಗ ನನ್ ಮಕ ಕಂಡ್ರಾ ನೀವು?"

"ಕಂಡೆ."

ಹೊನ್ನಪ್ಪನವರು ಬಗ್ಗಿ ಜಿಮ್ಮಿಯ ಕೊರಳಿನ ಗಂಟು ಬಿಚ್ಚಲು ನೋಡಿದರು. ಹೊಸ ಹಗ್ಗ ಒದ್ದೆಯಾಗಿ ಬಿಗಿದಿತ್ತು, ಗಂಟು ಸಡಿಲವಾಗಲಿಲ್ಲ. ನಾನೂ ಕುಕ್ಕರುಗಾಲಿನಲ್ಲಿ ಕುಳಿತು ಒಂದು ಎಳೆ ಹಿಡಿದುಕೊಂಡೆ. ಅವರು ಇನ್ನೊಂದನ್ನು ಎಳೆದರು.